ಎರಡು ಕೋರ್‌ಗಳು ನಾಲ್ಕನ್ನು ಸೋಲಿಸಿವೆ: ತಪ್ಪು ಶೆಡ್ಯೂಲರಿನದೋ, ನನ್ನದೋ?

ತುಮಕೂರು ಲ್ಯಾಬ್

ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. 30 ಯಂತ್ರಗಳು, ಎಲ್ಲವೂ ಯಾರೋ ಬಳಸಿ ಬಿಟ್ಟವು, ಎಲ್ಲವೂ ಇಂಟೆಲ್ ಐ7-6700. ಅಂದರೆ 4 ಕೋರ್, 8 ಥ್ರೆಡ್: ಹೈಪರ್‌ಥ್ರೆಡಿಂಗಿನಿಂದ ಒಂದೊಂದು ಕೋರ್ ಎರಡು ಸಿಪಿಯುವಾಗಿ ಕಾಣುತ್ತದೆ. ಈಗ ಡೆಬಿಯನ್ 12 (ಲಿನಕ್ಸಿನ ಒಂದು ವಿತರಣೆ) ಇದೆ, ರಜೆಯಲ್ಲಿ ಡೆಬಿಯನ್ 13 ಹಾಕಬೇಕು. ಹಾಕುವ ಮೊದಲು ಒಂದು ಯಂತ್ರದಲ್ಲಿ ಅಳೆದು ನೋಡೋಣ ಎಂದು ಕುಳಿತೆ. ಅಲ್ಲಿಂದ ತಲೆ ಕೆಟ್ಟಿದೆ.

ಅಳತೆಗೆ ಹಿಡಿದದ್ದು ಲಿನಕ್ಸ್ ಕರ್ನಲ್ ಕಂಪೈಲ್, ಅಂದರೆ ಲಿನಕ್ಸಿನ ತಿರುಳನ್ನು ಅದರ ಮೂಲ ಸಂಕೇತದಿಂದ ಕಟ್ಟುವುದು. ಎರಡೂ ಕಡೆ ಒಂದೇ ಮೂಲ, ಒಂದೇ ಕಾನ್ಫಿಗರೇಷನ್. ಮೊದಲು ಡೆಬಿಯನ್ 12ರಲ್ಲಿ ಟಾಸ್ಕ್‌ಸೆಟ್ (ಕೆಲಸವನ್ನು ಇಂತಿಂಥ ಸಿಪಿಯುಗಳಿಗೇ ಕಟ್ಟುವ ಆದೇಶ) ಬಳಸಿ ಸಿಪಿಯು 0, 1, 2, 3ಕ್ಕೆ ಕಟ್ಟಿ ಓಡಿಸಿದೆ: ಎರಡು ಕೋರ್, ಹೈಪರ್‌ಥ್ರೆಡಿಂಗ್ ಸಹಿತ. ಸುಮಾರು 12 ನಿಮಿಷ. ಆಮೇಲೆ 0, 2, 4, 6ಕ್ಕೆ ಕಟ್ಟಿದೆ: ನಾಲ್ಕು ಪೂರ್ತಿ ಕೋರ್, ಹೈಪರ್‌ಥ್ರೆಡಿಂಗ್ ಇಲ್ಲದೆ. 19 ನಿಮಿಷ! ಎರಡು ಕೋರ್ ನಾಲ್ಕು ಕೋರನ್ನು ಸೋಲಿಸಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೆಯೇ.

ಎರಡನೆಯ ಸಂಕಟ. ಎಂಟೂ ಥ್ರೆಡ್ ಬಿಟ್ಟು ಓಡಿಸಿದರೆ ಡೆಬಿಯನ್ 12ರಲ್ಲಿ 9 ನಿಮಿಷ 40 ಸೆಕೆಂಡ್, 13ರಲ್ಲಿ 10 ನಿಮಿಷ 50 ಸೆಕೆಂಡ್. ಯಾವ ಕೆಲಸ ಯಾವ ಸಿಪಿಯುವಿಗೆ, ಎಷ್ಟು ಹೊತ್ತು ಎಂದು ಹಂಚುವುದು ಕರ್ನಲಿನ ಶೆಡ್ಯೂಲರ್. ಹಳೆಯದರಲ್ಲಿ ಕರ್ನಲ್ 6.1, ಸಿಎಫ್‌ಎಸ್ ಶೆಡ್ಯೂಲರ್. ಹೊಸದರಲ್ಲಿ 6.12, ಇಇವಿಡಿಎಫ್. ಹೊಸ ಶೆಡ್ಯೂಲರ್ ನಮ್ಮಂಥ ಹಳೆಯ ಯಂತ್ರಗಳನ್ನು ಕೈಬಿಟ್ಟಿದೆಯೇ?

ಇನ್ನೊಂದು ಮಾತು, ಇದಕ್ಕೆ ಸಂಬಂಧವಿಲ್ಲದಿರಬಹುದು. ಕಂಪೈಲ್ ಹಿನ್ನೆಲೆಯಲ್ಲಿ ಓಡುತ್ತಿರುವಾಗ ಪಾಠದ ವಿಡಿಯೊ ತಡವರಿಸುತ್ತದೆ ಎಂದು ಹುಡುಗರು ದೂರುತ್ತಾರೆ. 17ನೆಯ ಯಂತ್ರಕ್ಕಾಗಿಯಂತೂ ದಿನವೂ ಜಗಳ. ಅದು ಫ್ಯಾನಿನ ಕೆಳಗಿದೆ, ಅದಕ್ಕೇ ಇರಬೇಕು.

ಗುಬ್ಬಿ ಗಣಕ

ಹೊಸದೆಲ್ಲ ನಿಧಾನವೇ. ಹಳೆಯದರಲ್ಲೇ ಇರಿ.

ಕೋಲಾರದ ಕರ್ನಲ್

ಮೇಲಿನವರ ಮಾತು ಕೇಳಬೇಡಿ. ಲ್ಯಾಬ್ ಅವರೇ, ಏನೂ ಮಾಡುವ ಮೊದಲು ಒಂದು ಕಡತ ತೆರೆದು ನೋಡಿ. ಸಿಸ್ ಕೋಶದೊಳಗೆ ಡಿವೈಸಸ್, ಸಿಸ್ಟಮ್, ಸಿಪಿಯು, ಸಿಪಿಯು0, ಟೋಪಾಲಜಿ. ಅಲ್ಲಿ ‘ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್’ ಎಂಬ ಕಡತವಿದೆ. ಅದರಲ್ಲಿ ಏನು ಬರೆದಿದೆ ಎಂದು ಇಲ್ಲಿ ಹಾಕಿ. ನನಗೆ ಉತ್ತರ ಗೊತ್ತು, ಆದರೂ ನೀವೇ ನೋಡಿ ಹೇಳಿದರೆ ಚೆನ್ನ.

ತುಮಕೂರು ಲ್ಯಾಬ್

‘0,4’ ಎಂದಿದೆ.

ಅಯ್ಯೋ.

ಕೋಲಾರದ ಕರ್ನಲ್

ಅಷ್ಟೇ. ನಿಮ್ಮ ಯಂತ್ರದಲ್ಲಿ 0ರ ಜೊತೆಗಾರ 1 ಅಲ್ಲ, 4. 1ಕ್ಕೆ 5, 2ಕ್ಕೆ 6, 3ಕ್ಕೆ 7. ನೀವು ಎರಡು ಕೋರ್ ಎಂದುಕೊಂಡ 0, 1, 2, 3 ನಿಜಕ್ಕೂ ನಾಲ್ಕು ಬೇರೆ ಬೇರೆ ಕೋರ್. ನಾಲ್ಕು ಎಂದುಕೊಂಡ 0, 2, 4, 6 ಬರೀ ಎರಡು ಕೋರ್, ಒಂದೊಂದರ ಮೇಲೂ ಇಬ್ಬರು ಸವಾರರು. ಫಲಿತಾಂಶ ಸರಿಯಾಗಿಯೇ ಇದೆ, ಚೀಟಿ ಮಾತ್ರ ಅದಲುಬದಲಾಗಿದೆ.

ಇನ್ನೂ ಸ್ವಾರಸ್ಯವಿದೆ. ನಾಲ್ಕು ಕೋರಿಗೆ 12 ನಿಮಿಷ ಹಿಡಿದರೆ ಎರಡು ಕೋರಿಗೆ 24 ಹಿಡಿಯಬೇಕಿತ್ತು. ನಿಮಗೆ 19ಕ್ಕೆ ಮುಗಿದಿದೆ. ಆ 5 ನಿಮಿಷದ ಉಳಿತಾಯವೇ ಹೈಪರ್‌ಥ್ರೆಡಿಂಗಿನ ಗಳಿಕೆ. ಗೊತ್ತಿಲ್ಲದೆಯೇ ಒಳ್ಳೆಯ ಅಳತೆ ಮಾಡಿದ್ದೀರಿ.

ನಂದಿ ತಪ್ಪಲು

ಇದು ಎಲ್ಲ ಯಂತ್ರಗಳಲ್ಲೂ ಹೀಗೇ ಎಂದು ಯಾರೂ ಬರೆದಿಟ್ಟುಕೊಳ್ಳಬೇಡಿ. ಕೆಲವದರಲ್ಲಿ 0 ಮತ್ತು 1 ಅಕ್ಕಪಕ್ಕದವರೇ ಜೋಡಿ. ದೊಡ್ಡ ಕೋರ್, ಸಣ್ಣ ಕೋರ್ ಎರಡೂ ಇರುವ ಇಂಟೆಲ್ 12ನೆಯ ತಲೆಮಾರಿನ ನನ್ನ ಲ್ಯಾಪ್‌ಟಾಪಿನಲ್ಲಿ 0-1, 2-3 ಹೀಗೆ ಜೋಡಿಯಾಗಿ ಬಂದು, ಕೊನೆಯಲ್ಲಿ ಜೋಡಿಯೇ ಇಲ್ಲದ ಸಣ್ಣ ಕೋರ್‌ಗಳು ಬರುತ್ತವೆ. ಪ್ರತಿ ಸಲ ನೋಡಿಯೇ ಕಟ್ಟಬೇಕು. ಎಲ್‌ಎಸ್‌ಸಿಪಿಯು ಆದೇಶಕ್ಕೆ ‘ಇ’ ಆಯ್ಕೆ ಕೊಟ್ಟರೆ ಯಾವ ಸಿಪಿಯು ಯಾವ ಕೋರಿನದು ಎಂದು ಪಟ್ಟಿಯಾಗಿಯೇ ಸಿಗುತ್ತದೆ.

ಕ್ಯಾತಸಂದ್ರ ಕ್ರಾಸ್

ನನ್ನಂಥ ಸಾಮಾನ್ಯನಿಗೆ ಒಂದು ಪ್ರಶ್ನೆ. ಕೋರ್ ಒಂದೇ ಆದರೆ ಎರಡಾಗಿ ಕಾಣುವುದು ಹೇಗೆ? 5 ನಿಮಿಷ ಉಳಿದದ್ದು ಎಲ್ಲಿಂದ?

ತಿಪಟೂರು ಕೊಬ್ಬರಿ

ಅಜ್ಜಿಯ ಮನೆಯ ಕೋಡೊಲೆ ನೆನಪಿದೆಯೇ? ಮುಂದಿನ ಒಲೆಯಲ್ಲಿ ಸೌದೆ ಉರಿಯುತ್ತದೆ, ಅನ್ನದ ಪಾತ್ರೆ ಅದರ ಮೇಲೆ. ಪಕ್ಕದಲ್ಲಿ ಇನ್ನೊಂದು ಬಾಯಿ, ಅಲ್ಲಿಗೆ ಸೌದೆ ಹಾಕುವುದಿಲ್ಲ. ಮುಂದಿನ ಒಲೆಯಲ್ಲಿ ವ್ಯರ್ಥವಾಗಿ ಹೋಗುವ ಕಾವಿನಲ್ಲೇ ಸಾರು ಕುದಿಯುತ್ತದೆ. ಪ್ರೊಸೆಸರಿನಲ್ಲೂ ಒಂದು ಥ್ರೆಡ್ ಮೆಮೊರಿಯಿಂದ ದತ್ತಾಂಶ ಬರಲಿ ಎಂದು ಕಾಯುತ್ತಿರುವಾಗ ಕೂಡುವ, ಗುಣಿಸುವ ಘಟಕಗಳು ಖಾಲಿ ಕೂತಿರುತ್ತವೆ. ಅವನ್ನು ಎರಡನೆಯ ಥ್ರೆಡ್ ಬಳಸಿಕೊಳ್ಳುತ್ತದೆ.

ಕೋಲಾರದ ಕರ್ನಲ್

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಕೈಕೊಡುತ್ತದೆ. ಕೋಡೊಲೆಗೆ ಯಾವತ್ತೂ ಎರಡನೆಯ ಸ್ಥಾನ. ಹೈಪರ್‌ಥ್ರೆಡಿಂಗಿನಲ್ಲಿ ಎರಡೂ ಸಮಾನ. 4 ಎಂಬುದು 0ರ ಕೋಡೊಲೆಯಲ್ಲ, ಎರಡೂ ಮುಂದಿನ ಒಲೆಗಳೇ, ಸೌದೆ ಮಾತ್ರ ಒಂದೇ ಹೊರೆ. ‘ನಿಜವಾದ ಕೋರ್, ನಕಲಿ ಕೋರ್’ ಎಂದು ಜನ ಬರೆಯುತ್ತಾರಲ್ಲ, ಆ ತಪ್ಪು ಹುಟ್ಟುವುದು ಇಲ್ಲಿಯೇ. ಮೊದಲನೆಯ ಹಂತದ ಕ್ಯಾಶ್ (ಕೋರಿನೊಳಗಿನ ಪುಟ್ಟ, ವೇಗದ ಮೆಮೊರಿ) ಇಬ್ಬರಿಗೂ ಒಂದೇ. ಒಬ್ಬನು ತನ್ನ ದತ್ತಾಂಶ ತುಂಬಿದರೆ ಇನ್ನೊಬ್ಬನದು ಹೊರಗೆ ಬೀಳುತ್ತದೆ. ಒಬ್ಬ ವೇಗವಾಗಿ ಓಡಿದಷ್ಟೂ ಇನ್ನೊಬ್ಬ ನಿಧಾನವಾಗುತ್ತಾನೆ.

ತಿಪಟೂರು ಕೊಬ್ಬರಿ

ಕೋಡೊಲೆಗೆ ಪಾತ್ರೆ ಇಟ್ಟರೆ ಮುಂದಿನ ಅನ್ನವೂ ಸ್ವಲ್ಪ ತಡವಾಗುತ್ತಿತ್ತು ಸ್ವಾಮಿ. ನಮ್ಮ ಅಜ್ಜಿಯನ್ನು ಕೇಳಿದ್ದರೆ ಹೇಳುತ್ತಿದ್ದರು.

ಕೋಲಾರದ ಕರ್ನಲ್

ಒಪ್ಪಿದೆ. ಅಜ್ಜಿಗೆ ನಮಸ್ಕಾರ.

ಚಿನ್ನದ ಗಣಿ

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ವಿಚಾರವನ್ನು 1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸನ್, ಸೂಸನ್ ಎಗ್ಗರ್ಸ್, ಹೆನ್ರಿ ಲೆವಿ ಅವರು ಪ್ರಬಂಧವಾಗಿ ಮಂಡಿಸಿದರು. ಇಂಟೆಲ್ 2002ರಲ್ಲಿ ಮೊದಲು ಸರ್ವರಿನ ಝಿಯಾನ್‌ಗೆ, ವರ್ಷದ ಕೊನೆಯಲ್ಲಿ 3.06 ಗಿಗಾಹರ್ಟ್ಸ್ ಪೆಂಟಿಯಂ 4ಕ್ಕೆ ತಂದಿತು. ಚಿಪ್ಪಿನ ಗಾತ್ರ 5 ಶೇಕಡಕ್ಕಿಂತ ಕಡಿಮೆ ಹೆಚ್ಚುತ್ತದೆ, ವೇಗ 30 ಶೇಕಡದವರೆಗೂ ಹೆಚ್ಚಬಹುದು ಎಂಬುದು ಆಗ ಅವರು ಹೇಳಿದ ಲೆಕ್ಕ. ‘ವರೆಗೂ’ ಎಂಬ ಪದವನ್ನು ಅಂಗಡಿಯವರು ನುಂಗಿಬಿಡುತ್ತಾರೆ. ಐಬಿಎಂ 2004ರ ಪವರ್5ರಲ್ಲಿ ಎರಡು ಥ್ರೆಡ್ ಇಟ್ಟು, ಪವರ್8ರ ಹೊತ್ತಿಗೆ ಒಂದೊಂದು ಕೋರಿಗೆ 8 ಥ್ರೆಡ್ ಮಾಡಿತು. ಎಎಂಡಿ ಬಂದದ್ದು ತಡವಾಗಿ, 2017ರ ಝೆನ್‌ನಲ್ಲಿ. ಈಗ ಇಂಟೆಲ್ಲೇ 2024ರ ಲೂನಾರ್ ಲೇಕ್‌ನಲ್ಲಿ ಇದನ್ನು ತೆಗೆದುಹಾಕಿದೆ.

ನಾನು ಕೆಜಿಎಫ್‌ನವನು, ಮನೆಯ ಸರ್ವರಿನಲ್ಲಿ ಫ್ರೀಬಿಎಸ್‌ಡಿ (ಲಿನಕ್ಸಿನಂಥ ಇನ್ನೊಂದು ವ್ಯವಸ್ಥೆ) ಓಡಿಸುತ್ತೇನೆ. ನಮ್ಮ ಯುಎಲ್‌ಇ ಶೆಡ್ಯೂಲರಿಗೂ ಕೋರ್‌ಗಳ ವಂಶವೃಕ್ಷ ಗೊತ್ತು: ಯಾರು ಅಣ್ಣತಮ್ಮ, ಯಾರು ದಾಯಾದಿ ಎಂದು ನೋಡಿಯೇ ಕೆಲಸ ಹಂಚುತ್ತದೆ.

ಶಿಡ್ಲಘಟ್ಟ ರೇಷ್ಮೆ

‘ಶೆಡ್ಯೂಲರ್’ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದ ಬೇಡವೇ? ‘ಅನುಸೂಚಕ’ ಎಂದು ಎಲ್ಲೋ ಓದಿದೆ, ನಾಲಿಗೆ ತಿರುಗಲಿಲ್ಲ.

ಕ್ಯಾತಸಂದ್ರ ಕ್ರಾಸ್

ಮೇಸ್ತ್ರಿ.

ಶಿಡ್ಲಘಟ್ಟ ರೇಷ್ಮೆ

ಇದು ಪದ! ಯಾರಿಗೆ ಯಾವ ಕೆಲಸ, ಎಷ್ಟು ಹೊತ್ತು, ಯಾರು ಖಾಲಿ ಕೂತಿದ್ದಾರೆ ಎಂದು ನೋಡುವವನು ಮೇಸ್ತ್ರಿಯೇ.

ನಂದಿ ತಪ್ಪಲು

ವಿಷಯಕ್ಕೆ ಬನ್ನಿ. ಲ್ಯಾಬ್ ಅವರ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. 9:40 ಮತ್ತು 10:50ರ ನಡುವೆ ಬದಲಾದದ್ದು ಮೇಸ್ತ್ರಿ ಒಬ್ಬನೇ ಅಲ್ಲ. ಡೆಬಿಯನ್ 12ರಲ್ಲಿರುವುದು ಜಿಸಿಸಿ 12, 13ರಲ್ಲಿ ಜಿಸಿಸಿ 14. ಕಂಪೈಲರ್ ಬದಲಾಯಿಸಿ ಕಂಪೈಲ್ ಮಾಡುವ ಸಮಯವನ್ನು ಹೋಲಿಸಿದ್ದೀರಿ! ಮನೆ ಕಟ್ಟುವ ಕಲ್ಲು, ಗಾರೆ, ಕೂಲಿಯವರು ಎಲ್ಲವನ್ನೂ ಬದಲಾಯಿಸಿ, ತಡವಾದದ್ದಕ್ಕೆ ಮೇಸ್ತ್ರಿಯನ್ನು ಬೈದಂತಾಯಿತು.

ತುಮಕೂರು ಲ್ಯಾಬ್

ಜಿಸಿಸಿ ನೆನಪಿಗೇ ಬರಲಿಲ್ಲ. ನಾಚಿಕೆಯಾಗುತ್ತಿದೆ.

ನಂದಿ ತಪ್ಪಲು

ನಾಚಿಕೆ ಬೇಡ, ಇದು ಎಲ್ಲರೂ ಎಡವುವ ಕಲ್ಲೇ. ಡೆಬಿಯನ್ 12ರಲ್ಲೇ ಇದ್ದುಕೊಂಡು ಬ್ಯಾಕ್‌ಪೋರ್ಟ್ಸ್‌ನಿಂದ (ಹಳೆಯ ಡೆಬಿಯನ್‌ಗೆ ಹೊಸ ತಂತ್ರಾಂಶ ಒದಗಿಸುವ ಭಂಡಾರ) 6.12 ಕರ್ನಲ್ ಹಾಕಿ. ಉಳಿದದ್ದೆಲ್ಲ ಹಾಗೆಯೇ ಇರುತ್ತದೆ, ಕರ್ನಲ್ ಒಂದೇ ಬದಲಾಗುತ್ತದೆ. ಬೂಟ್ ಪಟ್ಟಿಯಲ್ಲಿ ಒಮ್ಮೆ ಇದು, ಒಮ್ಮೆ ಅದು. ಆಗಲೂ ಬದಲಾದದ್ದು ಶೆಡ್ಯೂಲರ್ ಮಾತ್ರ ಎನ್ನುವಂತಿಲ್ಲ, 6.1ರಿಂದ 6.12ರ ನಡುವೆ ಮೆಮೊರಿ ನಿರ್ವಹಣೆಯೂ ಕಡತ ವ್ಯವಸ್ಥೆಗಳೂ ತಿದ್ದುಪಡಿಯಾಗಿವೆ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ 6.5 ಮತ್ತು 6.6ನ್ನು ನೀವೇ ಕಟ್ಟಿಕೊಳ್ಳಿ. ಇಇವಿಡಿಎಫ್ ಸೇರಿದ್ದು 2023ರ ಅಕ್ಟೋಬರಿನಲ್ಲಿ ಬಂದ 6.6ರಲ್ಲಿ.

ಗುಬ್ಬಿ ಗಣಕ

ನಾನು ಹೇಳಿದ್ದು ಅದನ್ನೇ, ಹಳೆಯದರಲ್ಲೇ ಇರಿ.

ನಂದಿ ತಪ್ಪಲು

ನೀವು ಹೇಳಿದ್ದು ಅದನ್ನಲ್ಲ.

ಪಾವಗಡ ಬಿಸಿಲು

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಎರಡು ಅಳತೆಗಳನ್ನು ಎಷ್ಟು ಗಂಟೆಗೆ ಮಾಡಿದಿರಿ?

ತುಮಕೂರು ಲ್ಯಾಬ್

ಡೆಬಿಯನ್ 12ರದು ಬೆಳಿಗ್ಗೆ 8ಕ್ಕೆ. ಆಮೇಲೆ ಹೊಸದನ್ನು ಹಾಕುವಷ್ಟರಲ್ಲಿ ಮಧ್ಯಾಹ್ನ 2 ಆಗಿತ್ತು.

ಪಾವಗಡ ಬಿಸಿಲು

ಏಪ್ರಿಲ್ ತಿಂಗಳ ಮಧ್ಯಾಹ್ನ 2 ಗಂಟೆ, ತುಮಕೂರು, ತಗಡಿನ ಸೂರೋ ತಾರಸಿಯೋ ನನಗೆ ಕಾಣದು, ಹಳೆಯ ಫ್ಯಾನ್, ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್. ಐ7-6700ರ ಮೂಲ ವೇಗ 3.4 ಗಿಗಾಹರ್ಟ್ಸ್, ಟರ್ಬೊ 4.0ರವರೆಗೆ ಹೋಗುತ್ತದೆ. ಬೆಳಿಗ್ಗೆ ಟರ್ಬೊ, ಮಧ್ಯಾಹ್ನ ಉಸಿರುಗಟ್ಟಿ ಕೆಳಗೆ. ನೀವು ಅಳೆದದ್ದು ಬಿಸಿಲನ್ನು.

ಇಂಟೆಲ್ ಪಿಸ್ಟೇಟ್‌ನ ‘ನೋ ಟರ್ಬೊ’ ಕಡತಕ್ಕೆ 1 ಬರೆದು ಟರ್ಬೊ ಆಫ್ ಮಾಡಿ, ಸಿಪಿಯು ವೇಗ ನಿರ್ಧರಿಸುವ ಗವರ್ನರನ್ನು ‘ಪರ್ಫಾರ್ಮೆನ್ಸ್’ಗೆ ಇಡಿ. ವೇಗ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಏರಿಳಿತ ನಿಲ್ಲುತ್ತದೆ. ಹಳೆಯದನ್ನೆಲ್ಲ ಬೆಳಿಗ್ಗೆ, ಹೊಸದನ್ನೆಲ್ಲ ಮಧ್ಯಾಹ್ನ ಮಾಡಬೇಡಿ. ಹಳೆಯದು, ಹೊಸದು, ಹಳೆಯದು, ಹೊಸದು ಎಂದು ಹೆಣೆದು ಓಡಿಸಿ. ಬಿಸಿಲು ಬಂದರೆ ಇಬ್ಬರಿಗೂ ಬರಲಿ. ಪ್ರತಿ ಬೂಟ್ ಆದ ಮೇಲಿನ ಮೊದಲ ಓಟವನ್ನು ಲೆಕ್ಕದಿಂದ ಬಿಡಿ, ಅದರಲ್ಲಿ ಡಿಸ್ಕಿನಿಂದ ಓದುವ ಸಮಯವೂ ಸೇರಿರುತ್ತದೆ.

ಕ್ಯಾತಸಂದ್ರ ಕ್ರಾಸ್

ಪಾವಗಡದವರು ಬಿಸಿಲಿನ ವಿಷಯದಲ್ಲಿ ಮಾತಾಡಿದರೆ ಎದುರಾಡುವಂತಿಲ್ಲ. 2,050 ಮೆಗಾವಾಟ್ ಬಿಸಿಲು ಮಾರುವವರು.

ಪಾವಗಡ ಬಿಸಿಲು

ಮಾರುತ್ತೇವೆ, ಮಧ್ಯಾಹ್ನ ನಮ್ಮ ಮನೆಯಲ್ಲೇ ಕರೆಂಟ್ ಇರುವುದಿಲ್ಲ.

ಚಿನ್ನದ ಗಣಿ

ಕರೆಂಟಿನ ವಿಷಯ ಬಂತಲ್ಲ, ಹೇಳದೆ ಇರಲಾರೆ. ಶಿವನಸಮುದ್ರದಿಂದ ನಮ್ಮ ಕೆಜಿಎಫ್‌ಗೆ ವಿದ್ಯುತ್ ಬಂದದ್ದು 1902ರಲ್ಲಿ. ಬೆಂಗಳೂರಿಗೆ 1905ರಲ್ಲಿ. ಗಣಿಯ ಯಂತ್ರಕ್ಕೆ ಮೊದಲು, ರಾಜಧಾನಿಯ ಬೀದಿದೀಪಕ್ಕೆ ಆಮೇಲೆ. ಆದ್ಯತೆಯ ಶೆಡ್ಯೂಲಿಂಗ್ ಎಂದರೆ ಇದು.

ಶಿಡ್ಲಘಟ್ಟ ರೇಷ್ಮೆ

ಪ್ರತಿ ಚರ್ಚೆಯಲ್ಲೂ ಇವರು 1902 ತರುತ್ತಾರೆ.

ಹೊಸಬ

ಸಿಎಫ್‌ಎಸ್ ಬಗ್ಗೆ 2016ರಲ್ಲೇ ಯೂರೋಸಿಸ್ ಸಮ್ಮೇಳನದಲ್ಲಿ ಪ್ರಬಂಧ ಬಂದಿತ್ತಲ್ಲ? ಕೆಲಸ ಕಾಯುತ್ತಿದ್ದರೂ ಕೋರ್‌ಗಳು ಖಾಲಿ ಕೂರುತ್ತವೆ ಎಂದು ತೋರಿಸಿದ್ದರು. ಹಾಗಿದ್ದರೆ ಹಳೆಯ ಶೆಡ್ಯೂಲರ್ ಕೆಟ್ಟದ್ದೇ ಅಲ್ಲವೇ?

ಕೋಲಾರದ ಕರ್ನಲ್

ಪ್ರಬಂಧ ನಿಜ, ದೋಷಗಳೂ ನಿಜ. ಆದರೆ ಅವರು ಅಳೆದದ್ದು 8 ನೋಡ್, 64 ಕೋರಿನ ಎಎಂಡಿ ಬುಲ್‌ಡೋಜರ್ ಸರ್ವರಿನಲ್ಲಿ. ಒಂದು ಮೂಲೆಯ ಮೆಮೊರಿ ಇನ್ನೊಂದು ಮೂಲೆಗೆ ದೂರವಾಗಿರುವ ದೈತ್ಯ. ಅಲ್ಲಿನ ಗುಂಪುಗಾರಿಕೆಯ ದೋಷಗಳು ನಾಲ್ಕು ಕೋರಿನ ಮೇಜಿನ ಯಂತ್ರಕ್ಕೆ ಬರುವುದಿಲ್ಲ. ಅದೂ ಅಲ್ಲದೆ ಬುಲ್‌ಡೋಜರ್ ಹೈಪರ್‌ಥ್ರೆಡಿಂಗ್ ಅಲ್ಲ. ಅಲ್ಲಿ ಎರಡು ಪೂರ್ಣಾಂಕ ಕೋರ್‌ಗಳು ಒಂದು ದಶಮಾಂಶ ಘಟಕವನ್ನು ಹಂಚಿಕೊಳ್ಳುತ್ತಿದ್ದವು.

ಈಗ ಲ್ಯಾಬ್ ಅವರಿಗೆ ಮುಖ್ಯ ಮಾತು. ಶೆಡ್ಯೂಲರ್ ಅಳೆಯಲು ನೀವು ಆರಿಸಿದ ಎರಡು ಪ್ರಯೋಗಗಳೂ ಶೆಡ್ಯೂಲರನ್ನು ಅಳೆಯುವುದೇ ಇಲ್ಲ! ಟಾಸ್ಕ್‌ಸೆಟ್ ಹಾಕಿದಾಗ ಎಲ್ಲಿ ಕೂರಬೇಕೆಂದು ನೀವೇ ಹೇಳಿಬಿಟ್ಟಿರಿ, ಮೇಸ್ತ್ರಿಗೆ ಉಳಿದದ್ದು ಸರದಿ ಎಣಿಸುವ ಕೆಲಸ. ಎಂಟು ಥ್ರೆಡ್‌ಗೆ ಎಂಟು ಕೆಲಸ ಹಾಕಿದಾಗ ಎಲ್ಲ ಆಸನವೂ ಭರ್ತಿ, ಆರಿಸುವುದಕ್ಕೆ ಏನೂ ಇಲ್ಲ. ಹೈಪರ್‌ಥ್ರೆಡಿಂಗ್ ಇರುವ ಯಂತ್ರದಲ್ಲಿ ಮೇಸ್ತ್ರಿಯ ಜಾಣತನ ಕಾಣುವುದು ಅರ್ಧ ಖಾಲಿ ಇದ್ದಾಗ. ನಾಲ್ಕು ಕೆಲಸ, ನಾಲ್ಕು ಕೋರ್, ಎಂಟು ಆಸನ. ಜಾಣನಾದರೆ ಒಂದೊಂದು ಕೋರಿಗೆ ಒಬ್ಬೊಬ್ಬನನ್ನು ಕೂರಿಸುತ್ತಾನೆ. ದಡ್ಡನಾದರೆ ಒಂದು ಕೋರಿನಲ್ಲಿ ಇಬ್ಬರು ಮೊಣಕೈ ತಿವಿದುಕೊಳ್ಳುತ್ತಿರುವಾಗ ಪಕ್ಕದ ಕೋರ್ ಪೂರ್ತಿ ಖಾಲಿ. 2.6ರ ಮೊದಲ ದಿನಗಳಲ್ಲಿ, 2004ರ ಸುಮಾರಿಗೆ, ಶೆಡ್ಯೂಲಿಂಗ್ ಡೊಮೇನ್‌ಗಳು ಬಂದದ್ದು ಈ ಭೇದ ತಿಳಿಸುವುದಕ್ಕೇ.

ಐದು ಕೆಲಸ ಕೊಟ್ಟು ನೋಡಿ. ಐದನೆಯವನು ಯಾರದೋ ಕೋರಿನಲ್ಲಿ ಪಾಲು ಕೇಳಲೇಬೇಕು. ಐವರೂ ಒಂದೇ ಸಮನಾದ ಕೆಲಸ ಮಾಡುತ್ತಿದ್ದರೆ ಮೂವರು ಬೇಗ ಮುಗಿಸುತ್ತಾರೆ, ಜೋಡಿಯಾದ ಇಬ್ಬರು ಹಿಂದೆ ಬೀಳುತ್ತಾರೆ. ಶೆಡ್ಯೂಲರಿನ ಪುಸ್ತಕದಲ್ಲಿ ಮಾತ್ರ ಐವರಿಗೂ ಸಮಾನ ಸಮಯ! ಅದು ಲೆಕ್ಕ ಇಡುವುದು ಸಮಯವನ್ನು, ಕೆಲಸವನ್ನಲ್ಲ.

ತಿಪಟೂರು ಕೊಬ್ಬರಿ

ಕೂಲಿ ಗಂಟೆಯ ಲೆಕ್ಕಕ್ಕೆ, ಸುಲಿದ ಕಾಯಿಯ ಲೆಕ್ಕಕ್ಕಲ್ಲ. ಅರ್ಥವಾಯಿತು.

ನಂದಿ ತಪ್ಪಲು

ಇದರ ಇನ್ನೊಂದು ಮುಖ ‘ಟೈಮ್’ ಆದೇಶದಲ್ಲಿ ಕಾಣುತ್ತದೆ. ಲ್ಯಾಬ್ ಅವರೇ, ‘ರಿಯಲ್’ (ಗಡಿಯಾರದ ಸಮಯ) ಜೊತೆಗೆ ‘ಯೂಸರ್’ (ಎಲ್ಲ ಸಿಪಿಯುಗಳ ಖಾತೆಯ ಒಟ್ಟು ಸಮಯ) ಸಾಲನ್ನೂ ಹಾಕಿ.

ತುಮಕೂರು ಲ್ಯಾಬ್

ನಾಲ್ಕು ಕೋರಿಗೆ ನಾಲ್ಕು ಕೆಲಸ: ಗಡಿಯಾರದಲ್ಲಿ 12 ನಿಮಿಷ, ಯೂಸರ್ 45 ನಿಮಿಷ. ಎಂಟು ಥ್ರೆಡ್‌ಗೆ ಎಂಟು: ಗಡಿಯಾರದಲ್ಲಿ 9:40, ಯೂಸರ್ 72 ನಿಮಿಷ. ಅದೇ ಮೂಲ, ಅದೇ ಕಂಪೈಲರ್. 27 ನಿಮಿಷದ ಹೆಚ್ಚು ಕೆಲಸ ಎಲ್ಲಿಂದ ಬಂತು?

ನಂದಿ ತಪ್ಪಲು

ಎಲ್ಲಿಂದಲೂ ಬರಲಿಲ್ಲ. ಇಬ್ಬರು ಒಂದು ಕೋರ್ ಹಂಚಿಕೊಂಡಾಗಲೂ ಒಂದು ಸೆಕೆಂಡಿಗೆ ಇಬ್ಬರ ಖಾತೆಗೂ ಒಂದೊಂದು ಸೆಕೆಂಡ್ ಬರೆಯುತ್ತಾರೆ. ಕೆಲಸ ಅಷ್ಟೇ, ಬಿಲ್ ಹೆಚ್ಚು. ಹಾಗಾಗಿ ಹೈಪರ್‌ಥ್ರೆಡಿಂಗ್ ಇರುವಲ್ಲಿ ಯೂಸರ್ ಸಮಯ ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ‘ಟಾಪ್’ನಲ್ಲಿ ಸಿಪಿಯು ಬಳಕೆ 50 ಶೇಕಡ ಎಂದು ತೋರಿಸಿದರೆ ಅರ್ಧ ಶಕ್ತಿ ಉಳಿದಿದೆ ಎಂದು ಹಿಗ್ಗುವುದೂ ಇದೇ ಜಾತಿಯ ತಪ್ಪು. ನಾಲ್ಕು ಕೋರ್‌ಗಳೂ ಆಗಲೇ ದುಡಿಯುತ್ತಿರುತ್ತವೆ. ನಿಮ್ಮದೇ ಲೆಕ್ಕದಲ್ಲಿ, ಆ ‘50’ರಿಂದ ‘100’ಕ್ಕೆ ಹೋದಾಗ 12 ನಿಮಿಷ 9:40 ಆಯಿತು, 6 ಆಗಲಿಲ್ಲ.

ಹೊಸಬ

ಹ್ಯಾಕ್‌ಬೆಂಚ್ ಓಡಿಸಿದರೆ ಸಾಲದೇ? ಎಲ್ಲರೂ ಅದನ್ನೇ ಹಾಕುತ್ತಾರೆ.

ಚಿನ್ನದ ಗಣಿ

ಹ್ಯಾಕ್‌ಬೆಂಚ್ ನೂರಾರು ಪ್ರಕ್ರಿಯೆಗಳನ್ನು ಹುಟ್ಟಿಸಿ ಒಬ್ಬರಿಗೊಬ್ಬರು ಸಂದೇಶ ಎಸೆಯುವಂತೆ ಮಾಡುತ್ತದೆ. ಎಬ್ಬಿಸುವ, ಮಲಗಿಸುವ ಖರ್ಚು ಅದರಲ್ಲಿ ಗೊತ್ತಾಗುತ್ತದೆ. ಯಂತ್ರ ಅರ್ಧ ಖಾಲಿ ಇದ್ದಾಗ ಜಾಗ ಆರಿಸುವ ಗುಣ ಅದರಲ್ಲಿ ಗೊತ್ತಾಗದು. ಎದ್ದ ಕೆಲಸ ಎಷ್ಟು ಬೇಗ ಸಿಪಿಯು ಹತ್ತಿತು ಎಂದು ನೋಡಲು ಕ್ರಿಸ್ ಮೇಸನ್ ಬರೆದ ಎಸ್‌ಸಿಎಚ್‌ಬೆಂಚ್ ಇದೆ. ಅದು ಸರಾಸರಿಯ ಬದಲು ಶೇಕಡಾಂಕ ಕೊಡುತ್ತದೆ: ನೂರರಲ್ಲಿ 99 ಸಲ ಇಷ್ಟರೊಳಗೆ ಎಂದು. ವಿಡಿಯೊ ತಡವರಿಸುವುದು ಆ ಉಳಿದ ಒಂದರಲ್ಲಿ.

ಪಾವಗಡ ಬಿಸಿಲು

ಹೈಪರ್‌ಥ್ರೆಡಿಂಗ್ ಆಫ್ ಮಾಡಿ ಹೋಲಿಸುವಾಗ ಒಂದು ಗುಪ್ತ ಹೊಂಡವಿದೆ, ನಾನು ಬಿದ್ದು ಎದ್ದಿದ್ದೇನೆ. ‘ಎಸ್‌ಎಂಟಿ ಕಂಟ್ರೋಲ್’ ಕಡತಕ್ಕೆ (ಎಸ್‌ಎಂಟಿ ಎಂದರೆ ಹೈಪರ್‌ಥ್ರೆಡಿಂಗಿನ ಸಾಮಾನ್ಯ ಹೆಸರು) ‘ಆಫ್’ ಬರೆದರೆ ರೀಬೂಟ್ ಇಲ್ಲದೆಯೇ ಜೋಡಿಗಳು ಮಾಯವಾಗುತ್ತವೆ, ಸರಿ. ಆದರೆ ಲಿನಕ್ಸ್ ಒಂದು ಸರದಿಯ ಉದ್ದವನ್ನು ಚಾಲೂ ಇರುವ ಸಿಪಿಯುಗಳ ಸಂಖ್ಯೆ ನೋಡಿ ಹಿಗ್ಗಿಸುತ್ತದೆ. 8 ಇದ್ದರೆ ಮೂಲ ಅಳತೆಯ 4 ಪಟ್ಟು, 4 ಇದ್ದರೆ 3 ಪಟ್ಟು. ಅಂದರೆ ನೀವು ಜೋಡಿಯನ್ನು ಮಾತ್ರ ತೆಗೆದಿರಿ ಎಂದುಕೊಂಡಿದ್ದೀರಿ, ಸರದಿಯ ಉದ್ದವೂ ಸದ್ದಿಲ್ಲದೆ ಬದಲಾಗಿದೆ. ನಾನು ಎರಡು ದಿನ ತಲೆ ಕೆರೆದುಕೊಂಡೆ. ಈಗ ಡೀಬಗ್ ಕಡತ ವ್ಯವಸ್ಥೆಯಲ್ಲಿ ‘ಬೇಸ್ ಸ್ಲೈಸ್’ ಓದಿ, ಎರಡೂ ಕಡೆ ಒಂದೇ ಸಂಖ್ಯೆ ಬರೆದ ಮೇಲೆಯೇ ಮುಂದಿನ ಕೆಲಸ.

ಕೋಲಾರದ ಕರ್ನಲ್

ಇದು ನನಗೂ ಹೊಳೆದಿರಲಿಲ್ಲ. ಹಳೆಯ ಅಳತೆಗಳನ್ನು ಮತ್ತೆ ತೆರೆಯಬೇಕು, ಶನಿವಾರ ಹೋಯಿತು.

ಗುಬ್ಬಿ ಗಣಕ

ಭದ್ರತೆಯ ಕಾರಣಕ್ಕೆ ಹೈಪರ್‌ಥ್ರೆಡಿಂಗ್ ಆಫ್ ಮಾಡಲೇಬೇಕು ಎಂದು ಓದಿದ್ದೆ. ಓಪನ್‌ಬಿಎಸ್‌ಡಿಯವರು 2018ರಲ್ಲೇ ಆಫ್ ಮಾಡಿದರು.

ಚಿನ್ನದ ಗಣಿ

ಈ ಸಲ ಗುಬ್ಬಿಯವರು ಸರಿ ಹೇಳಿದ್ದಾರೆ. ಅದೇ ವರ್ಷ ಆಗಸ್ಟಿನಲ್ಲಿ ಎಲ್1ಟಿಎಫ್ ದೋಷ, 2019ರ ಮೇ ತಿಂಗಳಲ್ಲಿ ಎಂಡಿಎಸ್ ಹೊರಬಿದ್ದವು. ಒಂದೇ ಕೋರಿನ ಜೊತೆಗಾರ ಕದ್ದು ನೋಡಬಹುದು ಎಂಬುದು ಸಾರ. ಇದಕ್ಕೂ ಮೊದಲೇ, 2005ರಲ್ಲಿ, ಕಾಲಿನ್ ಪರ್ಸಿವಲ್ ಕ್ಯಾಶ್ ಹಂಚಿಕೆಯ ಮೂಲಕ ಗುಟ್ಟು ಸೋರುವುದನ್ನು ಪೆಂಟಿಯಂ 4ರಲ್ಲೇ ತೋರಿಸಿದ್ದರು. ಲಿನಕ್ಸಿನಲ್ಲಿ 2021ರ 5.14ರಿಂದ ಕೋರ್ ಶೆಡ್ಯೂಲಿಂಗ್ ಇದೆ: ಪರಸ್ಪರ ನಂಬುವ ಕೆಲಸಗಳನ್ನು ಮಾತ್ರ ಒಂದು ಕೋರಿನಲ್ಲಿ ಕೂರಿಸುತ್ತದೆ. ಐ7-6700 ಈ ಎರಡು ದೋಷಗಳಿಗೂ ಒಳಗಾಗುವ ತಲೆಮಾರಿನದೇ. ಆದರೆ ಇವರದು ಒಂದು ಯಂತ್ರಕ್ಕೆ ಒಬ್ಬ ವಿದ್ಯಾರ್ಥಿ ಕೂರುವ ಪ್ರಯೋಗಾಲಯ, ಬಾಡಿಗೆಗೆ ಕೊಡುವ ಸರ್ವರ್ ಅಲ್ಲ. ನಾನಾಗಿದ್ದರೆ ಆಫ್ ಮಾಡುತ್ತಿರಲಿಲ್ಲ.

ಕ್ಯಾತಸಂದ್ರ ಕ್ರಾಸ್

ಯಾರಾದರೂ ಭಾನುವಾರ ತುಮಕೂರಿಗೆ ಬಂದರೆ ತಟ್ಟೆ ಇಡ್ಲಿ ನನ್ನ ಲೆಕ್ಕ. ಇಷ್ಟು ಓದಿ ಹಸಿವಾಗಿದೆ.

ಶಿಡ್ಲಘಟ್ಟ ರೇಷ್ಮೆ

ಒಂದು ತಟ್ಟೆಗೆ ಎರಡು ಥ್ರೆಡ್ ಆಗುತ್ತದೆಯೇ?

ಕ್ಯಾತಸಂದ್ರ ಕ್ರಾಸ್

ಚಟ್ನಿ ಹಂಚಿಕೊಳ್ಳಬಹುದು. ಇಡ್ಲಿ ಬೇರೆ ಬೇರೆ.

ತುಮಕೂರು ಲ್ಯಾಬ್

ವಾರದ ನಂತರ ಬರೆಯುತ್ತಿದ್ದೇನೆ. ಡೆಬಿಯನ್ 12, ಜಿಸಿಸಿ ಬದಲಾಗದೆ, ಕರ್ನಲ್ 6.1 ಮತ್ತು ಬ್ಯಾಕ್‌ಪೋರ್ಟ್ಸ್‌ನ 6.12. ಟರ್ಬೊ ಆಫ್ ಮಾಡಿ, ಒಂದಾದ ಮೇಲೊಂದು ಹೆಣೆದು, ಒಂದೊಂದಕ್ಕೆ 10 ಓಟ. ಎಂಟು ಥ್ರೆಡ್‌ನ ಕಂಪೈಲಿನಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ಒಂದೇ ಕರ್ನಲಿನ ಎರಡು ಓಟಗಳ ನಡುವಿನ ವ್ಯತ್ಯಾಸವೇ ಎರಡು ಕರ್ನಲ್‌ಗಳ ನಡುವಿನದಕ್ಕಿಂತ ದೊಡ್ಡದಾಗಿತ್ತು. ಆ 70 ಸೆಕೆಂಡ್ ಜಿಸಿಸಿಯದೂ ಬಿಸಿಲಿನದೂ ಆಗಿತ್ತು.

ನಾಲ್ಕು ಕೆಲಸ ಕೊಟ್ಟಾಗ ಎರಡೂ ಸರಿಯಾಗಿ ನಾಲ್ಕು ಕೋರಿಗೆ ಹಂಚಿದವು. ಐದಕ್ಕೆ ನೀವು ಹೇಳಿದಂತೆಯೇ ಇಬ್ಬರು ಹಿಂದೆ ಬಿದ್ದರು, ಆದರೆ ಆ ಇಬ್ಬರು ಯಾರು ಎಂಬುದು ಮಧ್ಯೆ ಮಧ್ಯೆ ಬದಲಾಗುತ್ತಿತ್ತು. ಏಳನೆಯ ಓಟದಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಎರಡು ನಿಮಿಷಕ್ಕೇ ಕೈಬಿಟ್ಟಿತು. ಅದನ್ನು ಮತ್ತೆ ಮೊದಲಿನಿಂದ ಮಾಡಿದೆ.

ವಿಡಿಯೊ ಮಾತ್ರ ಎರಡರಲ್ಲೂ ತಡವರಿಸುತ್ತದೆ. ಹಿನ್ನೆಲೆಯ ಕಂಪೈಲಿಗೆ ‘ನೈಸ್ 19’ ಕೊಟ್ಟಿದ್ದೇನೆ, ಅತ್ಯಂತ ಕಡಿಮೆ ಆದ್ಯತೆ. ಆದರೂ ಏಕೆ?

ಕೋಲಾರದ ಕರ್ನಲ್

ನೈಸ್ ಕೆಲಸ ಮಾಡುವುದು ಒಂದು ಲಾಜಿಕಲ್ ಸಿಪಿಯುವಿನ ಸರದಿಯೊಳಗೆ. ವಿಡಿಯೊ ಸಿಪಿಯು 0ರಲ್ಲಿ ಒಂಟಿಯಾಗಿ ಕೂತಿದೆ, ಪೂರ್ತಿ ಸಮಯ ಅದರದೇ. ಕಂಪೈಲ್ ಸಿಪಿಯು 4ರಲ್ಲಿ ಒಂಟಿಯಾಗಿ ಕೂತಿದೆ, ಅಲ್ಲಿ ಅದಕ್ಕೆ ಎದುರಾಳಿಯೇ ಇಲ್ಲ, ಹಾಗಾಗಿ 19 ಇದ್ದರೂ ಪೂರ್ತಿ ವೇಗ. ಕೆಳಗೆ ಕೋರ್ ಒಂದೇ. ಕೋರಿಗೆ ನೈಸ್ ಎಂದರೇನೆಂದೇ ಗೊತ್ತಿಲ್ಲ, ಇಬ್ಬರನ್ನೂ ಸಮನಾಗಿ ಕಾಣುತ್ತದೆ. ಆಸ್ಟ್ರೇಲಿಯಾದ ಕಾನ್ ಕೊಲಿವಾಸ್, ವೃತ್ತಿಯಲ್ಲಿ ಅರಿವಳಿಕೆ ತಜ್ಞರು, ತಮ್ಮ ಶೆಡ್ಯೂಲರಿನಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇಟ್ಟಿದ್ದರು: ಮುಖ್ಯ ಕೆಲಸದ ಜೊತೆಗಾರನಾಗಿ ಬಡ ಕೆಲಸ ಕೂತರೆ ಅದನ್ನು ಆಗಾಗ ಎಬ್ಬಿಸಿ ಹೊರಗೆ ನಿಲ್ಲಿಸುವುದು. ಮುಖ್ಯವಾಹಿನಿಯ ಕರ್ನಲಿನಲ್ಲಿ ಅದು ಈಗ ಇಲ್ಲ.

ಕಂಪೈಲನ್ನು 3 ಮತ್ತು 7ಕ್ಕೆ, ಬೇಕಿದ್ದರೆ 2 ಮತ್ತು 6ಕ್ಕೂ ಕಟ್ಟಿಹಾಕಿ. ಉಳಿದ ಕೋರ್‌ಗಳು ಪೂರ್ತಿ ಖಾಲಿ ಇರಲಿ. ಇಲ್ಲವೇ ಒಂದು ಯಂತ್ರದಲ್ಲಿ ಹೈಪರ್‌ಥ್ರೆಡಿಂಗ್ ಆಫ್ ಮಾಡಿ, ವಿಡಿಯೊ ಸರಿಯಾಗುತ್ತದೆಯೇ ನೋಡಿ.

ತುಮಕೂರು ಲ್ಯಾಬ್

ನೋಡುವ ಅಗತ್ಯ ಬೀಳಲಿಲ್ಲ. ಇದನ್ನು ಓದಿದ ಕೂಡಲೇ ಎದ್ದು ಹೋಗಿ 17ನೆಯ ಯಂತ್ರದಲ್ಲಿ ಎಲ್‌ಎಸ್‌ಸಿಪಿಯು ಹಾಕಿದೆ. ನಾಲ್ಕೇ ಸಿಪಿಯು ತೋರಿಸಿತು. ನಮಗೆ ಕೊಡುವ ಮೊದಲೇ ಯಾರೋ ಬಯೋಸ್‌ನಲ್ಲಿ ಹೈಪರ್‌ಥ್ರೆಡಿಂಗ್ ಆಫ್ ಮಾಡಿಟ್ಟಿದ್ದಾರೆ. ಎರಡು ವರ್ಷದಿಂದ ಹುಡುಗರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಗುಬ್ಬಿ ಗಣಕ

ಹಾಗಾದರೆ ಫ್ಯಾನ್?

ತುಮಕೂರು ಲ್ಯಾಬ್

ಆ ಫ್ಯಾನ್ ಕೆಟ್ಟು ಒಂದು ತಿಂಗಳಾಗಿದೆಯಂತೆ.